ಹಾರಿಕೆ ಉತ್ತರಕ್ಕೆ ಜಾಗ ಬಿಡದ ಪ್ರಶ್ನೆ: ನಿಮ್ಮ ಮಾತನ್ನು ಸಂಸತ್ತಿನವರೆಗೆ ಮುಟ್ಟಿಸುವುದು ಹೇಗೆ

ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತು ದುಡಿದವರು. ಈಗ ಪಿಎಫ್ ಪಿಂಚಣಿ ಬರುತ್ತದೆ, ತಿಂಗಳಿಗೆ 1,100 ರೂಪಾಯಿ. ಒಂದು ಸಂಜೆ ಪಾಸ್‌ಬುಕ್ ತಂದು ನನ್ನ ಮುಂದೆ ಇಟ್ಟರು. "ಇದನ್ನ ಜಾಸ್ತಿ ಮಾಡ್ತಾರೆ ಅಂತ ಎಲ್ಲರೂ ಹೇಳ್ತಾನೇ ಇದಾರೆ ತಮ್ಮ. ನಿಜವಾಗ್ಲೂ ಮಾಡ್ತಾರಾ? ದೆಲ್ಲೀಲಿ ಯಾರೂ ಕೇಳಲ್ವಾ?" ಅಂದರು.

ಕೇಳಿದ್ದಾರೆ. ವರ್ಷವರ್ಷವೂ ಕೇಳುತ್ತಲೇ ಬಂದಿದ್ದಾರೆ. ಮಂತ್ರಿಗಳು ಉತ್ತರವನ್ನೂ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಒಂದೊಂದಾಗಿ ತೆಗೆದು ಓದಿದಾಗ ನನಗೆ ಒಂದು ವಿಷಯ ಗೊತ್ತಾಯಿತು. ಪ್ರಶ್ನೆ ಸಡಿಲವಾಗಿದ್ದರೆ ಉತ್ತರವೂ ಸಡಿಲ. ಪ್ರಶ್ನೆಯಲ್ಲಿ ಲೆಕ್ಕ, ದಿನಾಂಕ, ಹೆಸರು ಇದ್ದರೆ ಮಂತ್ರಿ ಏನಾದರೂ ಒಂದು ಗಟ್ಟಿ ಮಾತು ಹೇಳಲೇಬೇಕಾಗುತ್ತದೆ. ಹಾಗೆ ಬಿಗಿಯಾದ ಪ್ರಶ್ನೆ ಬರೆಯುವುದು ಹೇಗೆ, ಅದನ್ನು ಯಾರ ಕೈಗೆ ಕೊಡಬೇಕು, ಬಂದ ಉತ್ತರ ಹೇಗೆ ಓದಬೇಕು ಎಂದು ಇಲ್ಲಿ ಬರೆದಿದ್ದೇನೆ. ಅಕ್ಕನ ಪಿಂಚಣಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಸಮಸ್ಯೆ ಬೇರೆ ಇರಬಹುದು, ದಾರಿ ಇದೇ.

ಮೊದಲು, ಇದು ಯಾವ ಸದನದ ವಿಷಯ?

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಕಸ, ಚರಂಡಿ, ಕೆರೆ ಒತ್ತುವರಿ, ಬಿಎಂಟಿಸಿ ಬಸ್ಸು, ಕಾವೇರಿ ನೀರಿನ ಸಂಪರ್ಕ, ಪೊಲೀಸ್, ಸರ್ಕಾರಿ ಶಾಲೆ, ಇವೆಲ್ಲ ವಿಧಾನಸೌಧದ ವಿಷಯ. ರೈಲು, ರಾಷ್ಟ್ರೀಯ ಹೆದ್ದಾರಿ, ವಿಮಾನಯಾನ, ಪಾಸ್‌ಪೋರ್ಟ್, ಬ್ಯಾಂಕು, ಪಿಎಫ್, ಇವು ದೆಹಲಿಯ ವಿಷಯ. ರಾಜ್ಯದ ವಿಷಯವನ್ನು ಲೋಕಸಭೆಯಲ್ಲಿ ಕೇಳಿಸಿದರೆ, ಪ್ರಶ್ನೆಯನ್ನೇ ಒಪ್ಪುವುದಿಲ್ಲ. ಅಪ್ಪಿತಪ್ಪಿ ಒಪ್ಪಿದರೂ "ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಇದು ರಾಜ್ಯದ ವಿಷಯ" ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಎರಡೂ ಕಡೆ ಕಾಲಿಟ್ಟ ವಿಷಯಗಳೂ ಇವೆ. ನಮ್ಮ ಮೆಟ್ರೊ ಕೇಂದ್ರ ಮತ್ತು ರಾಜ್ಯ ಎರಡರ ಪಾಲಿನ ಕಂಪನಿ. 2025ರ ಫೆಬ್ರವರಿ 9ರಿಂದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಇಬ್ಬರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದ್ದನ್ನು ನೋಡಿದ್ದೇವಲ್ಲ. ಉಪನಗರ ರೈಲೂ ಅಷ್ಟೇ. 148 ಕಿಲೋಮೀಟರ್, ನಾಲ್ಕು ಮಾರ್ಗ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರು, 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ, ಹಣ ಇಬ್ಬರದೂ. ಇಂಥ ವಿಷಯಕ್ಕೆ ಎರಡೂ ಸದನದಲ್ಲಿ ಒಂದೇ ಪ್ರಶ್ನೆ ಕೇಳಿಸಿ, ಎರಡು ಉತ್ತರವನ್ನೂ ಪಕ್ಕಪಕ್ಕ ಇಟ್ಟು ಓದಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ನಿಮ್ಮ ಮುಂದಿನ ಪ್ರಶ್ನೆ ಇದೆ.

ವಿಧಾನಸಭೆಯ ಬಗ್ಗೆ ಒಂದು ಮಾತು ಸೇರಿಸಬೇಕು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ನಡೆದ ಊರು ನಮ್ಮದು. ವಾರ್ಡಿನ ಮಟ್ಟದಲ್ಲಿ ಕೇಳುವವರೇ ಇಲ್ಲದಿದ್ದಾಗ, 224 ಶಾಸಕರು ಮತ್ತು ಪರಿಷತ್ತಿನ 75 ಸದಸ್ಯರು ಕೇಳುವ ಪ್ರಶ್ನೆಗಳ ಬೆಲೆ ಜಾಸ್ತಿ. ಅಲ್ಲಿನ ಉತ್ತರಗಳು ಕನ್ನಡದಲ್ಲೇ ಇರುತ್ತವೆ, ವೆಬ್‌ಸೈಟಿನಲ್ಲಿ ಸಿಗುತ್ತವೆ. ಒಂದು ಹಾಳೆ ತೆಗೆದು ನೋಡಿ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಮಧ್ಯೆ ಗೆರೆ. ಎಡಗಡೆ (ಅ)ದಲ್ಲಿ "ಇದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿರುತ್ತಾರೆ. ಬಲಗಡೆ "ಬಂದಿದೆ" ಎಂಬ ಒಂದೇ ಪದ. ಅಷ್ಟಕ್ಕೆ ಒಂದು ಕಲಮು, ಅಂದರೆ ಪ್ರಶ್ನೆಯ ಒಂದು ಉಪಭಾಗ, ಖರ್ಚಾಯಿತು! ಗಮನಕ್ಕೆ ಬಂದಿದೆಯೇ ಎಂದು ಕೇಳಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ಅಕ್ಕನ ವಿಷಯ ಇಪಿಎಸ್-95, ಅಂದರೆ 1995ರ ನೌಕರರ ಪಿಂಚಣಿ ಯೋಜನೆ. ಕೇಂದ್ರ ಕಾರ್ಮಿಕ ಸಚಿವಾಲಯದ ಕೆಳಗೆ ಬರುತ್ತದೆ. ಹಾಗಾಗಿ ಸಂಸತ್ತು.

ಹಳೆಯ ಉತ್ತರ ಓದದೆ ಹೊಸ ಪ್ರಶ್ನೆ ಬರೆಯಬೇಡಿ

ಇದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಜಾಸ್ತಿ ಜನ ಬಿಟ್ಟುಬಿಡುವುದೂ ಇದನ್ನೇ. ಸಂಸದ್ ಡಾಟ್ ಇನ್ ಎಂಬ ಜಾಲತಾಣಕ್ಕೆ ಹೋಗಿ, ಲೋಕಸಭೆ ಅಥವಾ ರಾಜ್ಯಸಭೆ ಆರಿಸಿ, ಪ್ರಶ್ನೆಗಳು ಎಂಬ ವಿಭಾಗ ತೆರೆಯಿರಿ. ಸಚಿವಾಲಯ, ಸದಸ್ಯರ ಹೆಸರು, ವಿಷಯದ ಪದ, ಯಾವುದರಿಂದ ಬೇಕಾದರೂ ಹುಡುಕಬಹುದು. ಉತ್ತರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರುತ್ತದೆ. ಕಷ್ಟವಾದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಗಂಟೆಯ ಕೆಲಸ.

ಇಪಿಎಸ್ ಕನಿಷ್ಠ ಪಿಂಚಣಿಯ ಬಗ್ಗೆ ನಾನು ಓದಿದ ಉತ್ತರಗಳ ಸಾರ ಹೆಚ್ಚುಕಡಿಮೆ ಒಂದೇ. ಮಾಲೀಕರ ಕಡೆಯಿಂದ ಸಂಬಳದ 8.33%, ಕೇಂದ್ರ ಸರ್ಕಾರದಿಂದ 1.16%, ಅದೂ 15,000 ರೂಪಾಯಿ ಸಂಬಳದ ಮಿತಿಯವರೆಗೆ. ಈ ಹಣ ಒಟ್ಟುಗೂಡಿದ ನಿಧಿಯಿಂದಲೇ ಪಿಂಚಣಿ ಕೊಡಬೇಕು. ನಿಧಿಯ ಮೌಲ್ಯಮಾಪನ ಮಾಡಿದರೆ ಕೊರತೆ ಕಾಣುತ್ತದೆ. ಆದರೂ 2014ರ ಸೆಪ್ಟೆಂಬರ್‌ನಿಂದ ಸರ್ಕಾರ ಬಜೆಟ್ ಹಣ ಸೇರಿಸಿ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಕೊಡುತ್ತಿದೆ. ಅಲ್ಲಿಗೆ ಉತ್ತರ ಮುಗಿಯಿತು.

ಏರಿಸುತ್ತೀರಾ ಎಂದು ಕೇಳಿದ್ದಕ್ಕೆ ಯೋಜನೆ ಹೇಗೆ ನಡೆಯುತ್ತದೆ ಎಂಬ ಪಾಠ. ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ.

ಆದರೆ ಸುಮ್ನೆ ಬಿಡಬೇಡಿ, ಇನ್ನೂ ಕೆದಕಿ. ಹಳೆಯ ದಾಖಲೆಗಳಲ್ಲಿ ಎರಡು ಗಟ್ಟಿ ವಿಷಯ ಸಿಗುತ್ತವೆ. ಒಂದು, 2013ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ, ಭಗತ್ ಸಿಂಗ್ ಕೋಶಿಯಾರಿ ಅವರ ಅಧ್ಯಕ್ಷತೆಯಲ್ಲಿ, ಕನಿಷ್ಠ 3,000 ರೂಪಾಯಿ ಕೊಡಿ ಎಂದು ಶಿಫಾರಸು ಮಾಡಿತ್ತು. ಇನ್ನೊಂದು, ಆಮೇಲೆ ಕಾರ್ಮಿಕ ಸಚಿವಾಲಯವೇ ಮಾಡಿದ ಉನ್ನತ ಸಮಿತಿ, ಬಜೆಟ್‌ನಲ್ಲಿ ಹಣ ಕೊಡುವುದಾದರೆ 2,000ಕ್ಕೆ ಏರಿಸಬಹುದು ಎಂದಿತ್ತು. ಅದಕ್ಕೆ ಹಣಕಾಸು ಸಚಿವಾಲಯ ಒಪ್ಪಲಿಲ್ಲ. ಈ ಎರಡನೆಯದು ಹೊರಬಂದದ್ದು ಸಂಸದರೊಬ್ಬರು ಸಮಿತಿಯ ಶಿಫಾರಸು ಏನಾಯಿತು ಎಂದು ನೇರವಾಗಿ ಕೇಳಿದಾಗ. ಏರಿಸುತ್ತೀರಾ ಎಂದಾಗ ಸಿಗದ ಮಾತು, ಶಿಫಾರಸು ಏನಾಯಿತು ಎಂದಾಗ ಸಿಕ್ಕಿತು.

ಈಗ ಪ್ರಶ್ನೆ ಬರೆಯಿರಿ

ನಾವು ಮೊದಲು ಬರೆದದ್ದು ಹೀಗಿತ್ತು: "ಜೀವನವಿಡೀ ದುಡಿದ ಗಾರ್ಮೆಂಟ್ಸ್ ಮಹಿಳೆಯರಿಗೆ ಇಷ್ಟು ಕಡಿಮೆ ಪಿಂಚಣಿ ಕೊಡುವುದು ಅನ್ಯಾಯ ಅಲ್ಲವೇ? ಸರ್ಕಾರ ಇದನ್ನು ಯಾವಾಗ ಸರಿಪಡಿಸುತ್ತದೆ?" ಮಾತು ನಿಜ. ಪ್ರಶ್ನೆಯಾಗಿ ನಿಲ್ಲುವುದಿಲ್ಲ. ಒಬ್ಬ ಸಂಸದರ ಕಚೇರಿಯಲ್ಲಿದ್ದ ಹುಡುಗಿ ಅದನ್ನು ಓದಿ, "ಸರ್, ಇದು ಭಾಷಣ. ಇದಕ್ಕೆ ನೋಟಿಸ್ ಕೊಟ್ಟರೆ ವಾಪಸ್ ಬರುತ್ತೆ" ಎಂದು ಹೇಳಿ, ನಿಯಮಗಳನ್ನು ಕೂತು ವಿವರಿಸಿದರು. ಅವರಿಗೆ ನಾನು ಋಣಿ.

ಲೋಕಸಭೆಯ ನಿಯಮದ ಪ್ರಕಾರ ಪ್ರಶ್ನೆ 150 ಪದ ದಾಟಬಾರದು. ವಾದ, ಆರೋಪ, ವ್ಯಂಗ್ಯ ಇರಬಾರದು. ಮಂತ್ರಿಯ ಅಭಿಪ್ರಾಯ ಕೇಳುವಂತಿಲ್ಲ, ಮಾಹಿತಿ ಕೇಳಬೇಕು. ಕೋರ್ಟಿನಲ್ಲಿ ವಿಚಾರಣೆಯಲ್ಲಿರುವ ವಿಷಯ ಬೇಡ. ಎಲ್ಲರಿಗೂ ಸಿಗುವ ಪುಸ್ತಕ, ವರದಿಯಲ್ಲಿ ಆಗಲೇ ಇರುವುದನ್ನು ಕೇಳಬಾರದು. ಆಮೇಲೆ ಕೂತು ತಿದ್ದಿದ್ದು ಹೀಗೆ:

(ಎ) ಇಪಿಎಸ್-95ರ ಅಡಿ ತಿಂಗಳಿಗೆ 1,000 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಪಿಂಚಣಿ ಪಡೆಯುತ್ತಿರುವವರು ಕರ್ನಾಟಕದಲ್ಲಿ ಎಷ್ಟು ಮಂದಿ, ಕಳೆದ ಮೂರು ವರ್ಷಗಳ ವರ್ಷವಾರು ಲೆಕ್ಕವೇನು;
(ಬಿ) ಅವರಲ್ಲಿ ಮಹಿಳೆಯರು ಎಷ್ಟು;
(ಸಿ) ಪಿಂಚಣಿಯನ್ನು 1,000 ರೂಪಾಯಿಗೆ ಮುಟ್ಟಿಸಲು ಈ ಮೂರು ವರ್ಷಗಳಲ್ಲಿ ಬಜೆಟ್‌ನಿಂದ ಕೊಟ್ಟ ಹಣ ಎಷ್ಟು;
(ಡಿ) ಕನಿಷ್ಠ ಪಿಂಚಣಿಯನ್ನು 2,000 ರೂಪಾಯಿಗೆ ಏರಿಸುವ ಸಮಿತಿಯ ಶಿಫಾರಸನ್ನು ಒಪ್ಪದಿರಲು ತೀರ್ಮಾನವಾದ ದಿನಾಂಕ ಮತ್ತು ಕಾರಣವೇನು, ಮತ್ತು
(ಇ) ಹಾಗೆ ಏರಿಸಿದರೆ ವರ್ಷಕ್ಕೆ ತಗಲುವ ಹೆಚ್ಚುವರಿ ಹಣದ ಅಂದಾಜು ಎಷ್ಟು?

ಒಂದೊಂದನ್ನೂ ಯಾಕೆ ಹೀಗೆ ಇಟ್ಟಿದ್ದೇವೆ ನೋಡಿ. (ಎ)ಯಲ್ಲಿ "ಅದಕ್ಕಿಂತ ಕಡಿಮೆ" ಎಂದು ಸೇರಿಸಿದ್ದು ಬೇಕೆಂದೇ. 58ಕ್ಕೆ ಮುಂಚೆಯೇ ಪಿಂಚಣಿ ತೆಗೆದುಕೊಂಡವರಂಥ ಕೆಲವರಿಗೆ ಸಾವಿರಕ್ಕಿಂತ ಕಡಿಮೆ ಬರುತ್ತದೆ. ಬರೀ ಕನಿಷ್ಠ ಪಿಂಚಣಿ ಎಂದರೆ ಅವರು ಲೆಕ್ಕದಿಂದ ಜಾರಿಹೋಗುತ್ತಾರೆ. ಕರ್ನಾಟಕ ಎಂದು ಹೇಳದಿದ್ದರೆ ಇಡೀ ದೇಶದ ಒಂದು ದೊಡ್ಡ ಸಂಖ್ಯೆ ಕೊಟ್ಟು ಮುಗಿಸುತ್ತಾರೆ. ಮೂರು ವರ್ಷ ಎಂದಿದ್ದು ಏರುತ್ತಿದೆಯೋ ಇಳಿಯುತ್ತಿದೆಯೋ ಕಾಣಲಿ ಎಂದು. ಹತ್ತು ವರ್ಷದ ಲೆಕ್ಕ ಕೇಳಿದರೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎನ್ನಲು ದಾರಿ ಮಾಡಿಕೊಟ್ಟಂತೆ. (ಡಿ)ಯಲ್ಲಿ ದಿನಾಂಕ ಕೇಳಿರುವುದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ದಿನಾಂಕ ಹೇಳಬೇಕಾದರೆ ಯಾರೋ ಫೈಲು ತೆರೆಯಲೇಬೇಕು.

ಅಕ್ಕನ ಹಣದ ಲೆಕ್ಕವನ್ನೂ ಹಾಳೆಯ ಹಿಂದೆ ಬರೆದಿದ್ದೆವು, ಸಂಸದರಿಗೆ ಅರ್ಥವಾಗಲಿ ಎಂದು. ಸೂತ್ರ ಸರಳ. ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. ಅಕ್ಕನದು 7,000 ರೂಪಾಯಿ, 11 ವರ್ಷ. 77,000 ಭಾಗಿಸು 70, ಅಂದರೆ 1,100. ಅವರು ನಿಜವಾಗಿ ದುಡಿದದ್ದು ಇನ್ನೂ ಜಾಸ್ತಿ ವರ್ಷ. ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದಕ್ಕೆ ಸೇರುವಾಗ, ಮಗಳ ಮದುವೆಗೆ ಎಂದು ಹಳೆಯ ಖಾತೆಯ ಹಣ ಪೂರ್ತಿ ತೆಗೆದಿದ್ದರು. ಆ ವರ್ಷಗಳು ಲೆಕ್ಕಕ್ಕೆ ಸಿಗಲಿಲ್ಲ. ಈ ಊರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಎಂದರೆ ಕಷ್ಟಕಾಲದ ಗಂಟು. 2016ರ ಏಪ್ರಿಲ್‌ನಲ್ಲಿ ಆ ಹಣ ತೆಗೆಯಲು 58 ವರ್ಷದವರೆಗೆ ಕಾಯಬೇಕು ಎಂಬ ನಿಯಮ ಬರುತ್ತದೆ ಎಂದಾಗ ಸಾವಿರಾರು ಮಂದಿ ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದು ಕೂತಿದ್ದು, ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದು ನಿಮಗೆ ನೆನಪಿರಬಹುದು. ಇಂಥ ಹಿನ್ನೆಲೆಯನ್ನು ಪ್ರಶ್ನೆಯೊಳಗೆ ತುರುಕಬೇಡಿ. ಅದು ಉಪಪ್ರಶ್ನೆ, ಅಂದರೆ ಮಂತ್ರಿಯ ಉತ್ತರದ ಮೇಲೆ ಸದನದಲ್ಲೇ ಹಾಕುವ ಮರುಪ್ರಶ್ನೆ, ಕೇಳುವಾಗ ಸಂಸದರ ಕೈಗೆ ಬೇಕಾಗುವ ಸಾಮಾನು.

ಯಾರ ಕೈಗೆ ಕೊಡಬೇಕು

ನಿಮ್ಮ ಕ್ಷೇತ್ರದ ಸಂಸದರೇ ಕೇಳಬೇಕು ಎಂದೇನೂ ಇಲ್ಲ. ಯಾವ ಸಂಸದರು ಯಾವ ವಿಷಯವನ್ನಾದರೂ ಕೇಳಬಹುದು. ಲೋಕಸಭೆಯಲ್ಲಿ ಕರ್ನಾಟಕದವರು 28, ರಾಜ್ಯಸಭೆಯಲ್ಲಿ 12. ಆದರೆ ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಅವರು ಉತ್ತರ ಕೊಡುವ ಕಡೆಯವರು. ನಮ್ಮ ಪಿಂಚಣಿ ವಿಷಯದಲ್ಲಿ ಇದೇ ಎದುರಾಯಿತು. ಪೀಣ್ಯ ಬರುವುದು ಬೆಂಗಳೂರು ಉತ್ತರ ಕ್ಷೇತ್ರಕ್ಕೆ. ಅಲ್ಲಿನ ಸಂಸದೆ ಶೋಭಾ ಕರಂದ್ಲಾಜೆ ಅವರು 2024ರ ಜೂನ್‌ನಲ್ಲಿ ಕೇಂದ್ರದ ಕಾರ್ಮಿಕ ಖಾತೆಯ ರಾಜ್ಯ ಸಚಿವೆಯಾದರು. ಅಂದರೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಸಚಿವಾಲಯವೇ ಅವರದು. ಅವರಿಗೆ ಮನವಿ ಕೊಡಬಹುದು, ಕೊಡಲೇಬೇಕು. ಪ್ರಶ್ನೆಯನ್ನು ಮಾತ್ರ ಬೇರೆಯವರು ಕೇಳಬೇಕು. (ರಾಜ್ಯ ಸಚಿವ ಎಂದರೆ ಕರ್ನಾಟಕ ಸರ್ಕಾರದ ಮಂತ್ರಿ ಅಂತ ಅಲ್ಲ, ಕೇಂದ್ರದಲ್ಲಿ ಸಂಪುಟ ದರ್ಜೆಗಿಂತ ಕೆಳಗಿನ ಮಂತ್ರಿ. ಈ ಪದ ಬಹಳ ಜನರನ್ನು ಗೊಂದಲ ಮಾಡುತ್ತದೆ.)

ವಿರೋಧ ಪಕ್ಷದವರ ಹತ್ತಿರವೇ ಹೋಗಬೇಕಾ? ನನ್ನ ಅನುಭವದಲ್ಲಿ ಚುರುಕಾದ ಉಪಪ್ರಶ್ನೆ ಬರುವುದು ಆ ಕಡೆಯಿಂದಲೇ ಜಾಸ್ತಿ. ಆಡಳಿತ ಪಕ್ಷದವರೂ ಕೇಳುತ್ತಾರೆ, ಲಿಖಿತ ಉತ್ತರ ಬೇಕಷ್ಟೇ ಎಂದರೆ ಯಾರು ಕೇಳಿದರೂ ಉತ್ತರ ಒಂದೇ. 2024ರಲ್ಲಿ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ, ಗ್ರಾಮಾಂತರ ನಾಲ್ಕರಲ್ಲೂ ಗೆದ್ದದ್ದು ಬಿಜೆಪಿ. ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದದ್ದು 9. ಹಾಗಾಗಿ ದೆಹಲಿಯಲ್ಲಿ ವಿರೋಧ ಪಕ್ಷದವರಿಂದ ಕೇಳಿಸಬೇಕೆಂದರೆ ಊರಿನ ಆಚೆಯ ಸಂಸದರನ್ನೋ ರಾಜ್ಯಸಭೆಯವರನ್ನೋ ಹುಡುಕಬೇಕು. ವಿಧಾನಸೌಧದಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ 2023ರಿಂದ ವಿರೋಧ ಪಕ್ಷದಲ್ಲಿ ಕೂತಿರುವುದು ಬಿಜೆಪಿ ಮತ್ತು ಜೆಡಿಎಸ್.

ಯಾರು ಹಿಂದೆ ಇದೇ ವಿಷಯ ಕೇಳಿದ್ದಾರೋ ಅವರ ಹತ್ತಿರ ಹೋಗುವುದು ಒಳ್ಳೆಯದು. ಹೆಸರು ಹಳೆಯ ಉತ್ತರದ ಹಾಳೆಯ ಮೇಲೇ ಇರುತ್ತದೆ. ಕಚೇರಿಗೆ ಹೋಗುವಾಗ ಒಂದೇ ಹಾಳೆ ಒಯ್ಯಿರಿ. ಮುಂದೆ ಪ್ರಶ್ನೆ, ಹಿಂದೆ ನಾಲ್ಕು ಸಾಲಿನ ಹಿನ್ನೆಲೆ, ಹಳೆಯ ಉತ್ತರದ ಸಂಖ್ಯೆ ಮತ್ತು ದಿನಾಂಕ. ಪಿಎ ಜೊತೆ ಮಾತಾಡಿ, ಅದೇ ಹಾಳೆಯನ್ನು ಇಮೇಲ್ ಕೂಡ ಮಾಡಿ. ಪ್ರಶ್ನೆ ಕೇಳಿಸಲು ಯಾರಿಗೂ ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ತೆಗೆದುಕೊಂಡು ಪ್ರಶ್ನೆ ಕೇಳಿದ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಸದನದಿಂದಲೇ ಹೊರಹಾಕಲಾಯಿತು.

ಯಾವಾಗ ಕೊಡಬೇಕು, ಯಾವ ಬಗೆಯ ಪ್ರಶ್ನೆ

ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನ: ಬಜೆಟ್, ಮುಂಗಾರು, ಚಳಿಗಾಲ. ಉತ್ತರ ಬೇಕಾದ ದಿನಕ್ಕೆ ಕನಿಷ್ಠ 15 ಪೂರ್ತಿ ದಿನ ಮುಂಚೆ ಸಂಸದರು ನೋಟಿಸ್ ಕೊಟ್ಟಿರಬೇಕು. ಒಂದೊಂದು ಸಚಿವಾಲಯಕ್ಕೆ ವಾರದಲ್ಲಿ ಒಂದೊಂದು ದಿನ ನಿಗದಿ. ಹಾಗಾಗಿ ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ನಿಮ್ಮ ಹಾಳೆ ಅವರ ಮೇಜಿನ ಮೇಲಿರಲಿ. ಅಧಿವೇಶನ ಶುರುವಾದ ಮೇಲೆ ಹೋದರೆ ತಡ.

ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ಉತ್ತರ ಕೊಡುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಬರೀ ಲಿಖಿತ ಉತ್ತರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯದು 20, ಇಲ್ಲದ್ದು 230. ರಾಜ್ಯಸಭೆಯಲ್ಲಿ 15 ಮತ್ತು 160. ಯಾರದು ಮೊದಲು ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಲೆಕ್ಕ ಬೇಕಾದವರಿಗೆ ಚುಕ್ಕೆ ಇಲ್ಲದ್ದೇ ಸಾಕು, ಅದೇ ವಾಸಿ ಎಂದು ನಾನು ಹೇಳುತ್ತೇನೆ. ನಮ್ಮ ಐದು ಕಲಮುಗಳ ಪ್ರಶ್ನೆ ಅಂಥದ್ದು.

ಪ್ರಶ್ನೋತ್ತರ ಕಲಾಪ ನೋಡುವಾಗ

ಸಂಸದ್ ಟಿವಿ ಹಾಕಿ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12, ರಾಜ್ಯಸಭೆಯಲ್ಲಿ 12ರಿಂದ 1. ಮೊದಲ ಸಲ ನೋಡುವವರಿಗೆ ನಿರಾಸೆ ಆಗಬಹುದು. ಸ್ಪೀಕರ್ ಸಂಖ್ಯೆ ಕರೆಯುತ್ತಾರೆ, ಮಂತ್ರಿ ಎದ್ದು "ಉತ್ತರವನ್ನು ಸದನದ ಮುಂದೆ ಇಟ್ಟಿದ್ದೇನೆ" ಎಂದು ಒಂದು ಸಾಲು ಹೇಳಿ ಕೂರುತ್ತಾರೆ. ನಿಜವಾದದ್ದು ಶುರುವಾಗುವುದು ಆಮೇಲೆ. ಪ್ರಶ್ನೆ ಕೊಟ್ಟ ಸದಸ್ಯರಿಗೆ ಎರಡು ಉಪಪ್ರಶ್ನೆ, ಬೇರೆಯವರಿಗೆ ಸ್ಪೀಕರ್ ಅವಕಾಶ ಕೊಟ್ಟರೆ ಒಂದೊಂದು. ಬರೆದುಕೊಟ್ಟ ಹಾಳೆ ಅಧಿಕಾರಿಗಳು ತಯಾರಿಸಿದ್ದು. ಉಪಪ್ರಶ್ನೆ ಬಂದಾಗ ಮಂತ್ರಿಗೆ ತಮ್ಮ ಖಾತೆ ಎಷ್ಟು ಗೊತ್ತು ಎನ್ನುವುದು ಕಾಣುತ್ತದೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಬರುವುದು, ಮಂತ್ರಿ ಅದನ್ನು ಬಿಡಿಸಿ ಓದುವುದು, ಕೆಲವರು ಹಾಳೆ ಮುಟ್ಟದೆ ಜಿಲ್ಲೆವಾರು ಲೆಕ್ಕ ಹೇಳುವುದು, ಎಲ್ಲ ನೋಡಿ.

ಚುಕ್ಕೆ ಗುರುತಿನ ಆ 20 ಪ್ರಶ್ನೆಗಳಲ್ಲಿ ಎಷ್ಟೋ ದಿನ ಐದಾರು ಪ್ರಶ್ನೆ ಮುಗಿಯುವಷ್ಟರಲ್ಲಿ ಗಂಟೆ ಹನ್ನೆರಡು. ಉಳಿದವು ಲಿಖಿತ ಉತ್ತರವಾಗಿ ದಾಖಲೆಗೆ ಹೋಗುತ್ತವೆ. ಗದ್ದಲವಾಗಿ ಸದನ ಮುಂದೂಡಿದರೂ ಅಷ್ಟೇ, ಹಾಳೆ ಸಿಗುತ್ತದೆ, ಉಪಪ್ರಶ್ನೆ ಸತ್ತುಹೋಗುತ್ತದೆ. ಸದನದ ಬಾವಿಗೆ ಇಳಿದು ಕೂಗುವುದನ್ನು ಟಿವಿಯಲ್ಲಿ ನೋಡಿ ಕೆಲವರು ಭೇಷ್ ಎನ್ನುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಮಂತ್ರಿಯನ್ನು ಎದುರು ನಿಲ್ಲಿಸಿ ಕೇಳುವ ಅವಕಾಶ ಇರುವುದು ಅದೊಂದೇ ಗಂಟೆ. ವಿರೋಧ ಪಕ್ಷ ಅದನ್ನು ಕೈಯಾರೆ ಬಿಟ್ಟುಕೊಡಬಾರದು, ಸರ್ಕಾರವೂ ಅದನ್ನು ಕಿತ್ತುಕೊಳ್ಳಬಾರದು. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ಕಲಾಪವನ್ನೇ ಕೈಬಿಟ್ಟಿದ್ದರು. ಬರೀ ಲಿಖಿತ ಉತ್ತರ ಇತ್ತು.

ಉತ್ತರ ಓದುವ ಬಗೆ

ಉತ್ತರ ಸಾಮಾನ್ಯವಾಗಿ ಅದೇ ದಿನ ಜಾಲತಾಣದಲ್ಲಿ ಬರುತ್ತದೆ. ಪೆನ್ಸಿಲ್ ಹಿಡಿದು ಓದಿ. ಮೊದಲು ನೋಡಬೇಕಾದದ್ದು, ಕಲಮುಗಳಿಗೆ ಬೇರೆ ಬೇರೆ ಉತ್ತರ ಇದೆಯಾ, ಇಲ್ಲ "(ಎ)ಯಿಂದ (ಇ)" ಎಂದು ಗಂಟು ಕಟ್ಟಿದ್ದಾರಾ. ಗಂಟು ಕಟ್ಟಿದ್ದರೆ ಯಾವುದೋ ಒಂದು ಕಲಮು ಒಳಗೆ ಕಳೆದುಹೋಗಿರುತ್ತದೆ. ನಿಮ್ಮ ಪ್ರಶ್ನೆಯ ಹಾಳೆ ಪಕ್ಕಕ್ಕೆ ಇಟ್ಟು, ಉತ್ತರ ಸಿಕ್ಕ ಕಲಮಿಗೆ ಗುರುತು ಹಾಕುತ್ತ ಹೋಗಿ. ಗುರುತು ಬೀಳದ್ದು ಯಾವುದೋ ಅದೇ ಅವರಿಗೆ ಕಷ್ಟವಾದದ್ದು.

ಆಮೇಲೆ ಪದಗಳು. "ಪರಿಶೀಲನೆಯಲ್ಲಿದೆ" ಎಂದರೆ ತೀರ್ಮಾನ ಆಗಿಲ್ಲ. "ಅನುಬಂಧದಲ್ಲಿ ಒದಗಿಸಿದೆ" ಎಂದಿದ್ದರೆ ಖುಷಿಪಡಿ, ಕೋಷ್ಟಕ ಇದೆ, ತಪ್ಪದೆ ಕೊನೆಯ ಪುಟದವರೆಗೆ ಹೋಗಿ. "ಉದ್ಭವಿಸುವುದಿಲ್ಲ" ಎಂಬುದನ್ನು ಮಾತ್ರ ಬಹಳ ಹುಷಾರಾಗಿ ಓದಬೇಕು.

2020ರ ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ಹೊರಟು ದಾರಿಯಲ್ಲಿ ಸತ್ತ ವಲಸೆ ಕಾರ್ಮಿಕರು ಎಷ್ಟು, ಅವರ ಮನೆಯವರಿಗೆ ಪರಿಹಾರ ಕೊಟ್ಟಿದ್ದೀರಾ ಎಂಬ ಪ್ರಶ್ನೆ ಇತ್ತು. ಕಾರ್ಮಿಕ ಸಚಿವಾಲಯದ ಉತ್ತರ: ಅಂಥ ಲೆಕ್ಕ ಇಟ್ಟಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಚಿಕ್ಕಬಾಣಾವರದಿಂದ ಹೊರಟ ಶ್ರಮಿಕ್ ರೈಲುಗಳಿಗೆ ಗಂಟುಮೂಟೆ ಹೊತ್ತು ಸಾಲುನಿಂತ ಜನರನ್ನು ಕಂಡ ಈ ಊರಿನವರಿಗೆ ಆ ಸಾಲು ಹೇಗೆ ಚುಚ್ಚಿತು ಎಂದು ಹೇಳಬೇಕಿಲ್ಲ. ಆದರೆ ಅದೇ ವಾರ ರಾಜ್ಯಸಭೆಯಲ್ಲಿ ಟಿಎಂಸಿಯ ಡೆರೆಕ್ ಓ'ಬ್ರಿಯಾನ್ ಅವರ ಪ್ರಶ್ನೆ ಬಿಗಿಯಾಗಿತ್ತು. ಶ್ರಮಿಕ್ ರೈಲುಗಳಲ್ಲಿ ಪ್ರಯಾಣ ಮಾಡುವಾಗ ಸತ್ತವರು ಎಷ್ಟು? ಉತ್ತರ ಬಂತು: ಸೆಪ್ಟೆಂಬರ್ 9ರವರೆಗೆ 97. ಅದೇ ಸರ್ಕಾರ, ಅದೇ ಸಂಸತ್ತು. ದಾರಿ ಎಂದಾಗ ಲೆಕ್ಕ ಇರಲಿಲ್ಲ, ರೈಲು ಎಂದಾಗ ಇತ್ತು.

ಇನ್ನೊಂದು, 2021ರ ಜುಲೈ 20. ಆಮ್ಲಜನಕ ಸಿಗದೆ ಸತ್ತವರ ಬಗ್ಗೆ ರಾಜ್ಯಸಭೆಯಲ್ಲಿ ಆರೋಗ್ಯ ಸಚಿವಾಲಯ ಕೊಟ್ಟ ಉತ್ತರ, ಅಂಥ ಸಾವುಗಳನ್ನು ರಾಜ್ಯಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು. ಆ ಮೇ ತಿಂಗಳಲ್ಲಿ ಚಾಮರಾಜನಗರದ ದುರಂತವನ್ನು ಕಂಡ ನಾವು ಇದನ್ನು ಕೋಪ ಬದಿಗಿಟ್ಟು ಮತ್ತೊಮ್ಮೆ ಓದಬೇಕು. ಸಾವೇ ಆಗಿಲ್ಲ ಎಂದು ಹೇಳಿಲ್ಲ. "ನಿರ್ದಿಷ್ಟವಾಗಿ" ಮತ್ತು "ವರದಿ" ಎಂಬ ಎರಡು ಪದಗಳ ಮೇಲೆ ಇಡೀ ಉತ್ತರ ನಿಂತಿದೆ. ಹಾಗಾದರೆ ವರದಿ ಮಾಡಲು ರಾಜ್ಯಗಳಿಗೆ ಕೊಟ್ಟ ನಮೂನೆಯಲ್ಲಿ ಆ ಕಾಲಂ ಇತ್ತಾ? ಕರ್ನಾಟಕ ಏನು ಬರೆದು ಕಳಿಸಿತು? ಮುಂದಿನ ಪ್ರಶ್ನೆ ಅದು. ಅದನ್ನು ದೆಹಲಿಯಲ್ಲೂ ಕೇಳಬೇಕು, ವಿಧಾನಸೌಧದಲ್ಲೂ ಕೇಳಬೇಕು.

ಉತ್ತರ ಬಂದ ಮೇಲೆ

ಮಂತ್ರಿ "ಪರಿಶೀಲಿಸುತ್ತೇವೆ", "ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡುತ್ತೇವೆ" ಎಂದಿದ್ದರೆ ಅದು ಬರೀ ಮಾತಲ್ಲ, ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಆಗದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಕೇಳುತ್ತದೆ. ಲೋಕಸಭೆಯಲ್ಲಿ ಈ ಸಮಿತಿ 1953ರಿಂದ ಇದೆ. ಕ್ಯಾಲೆಂಡರ್‌ನಲ್ಲಿ ಮೂರು ತಿಂಗಳ ಆಚೆಯ ದಿನಕ್ಕೆ ಗುರುತು ಹಾಕಿ, ಆ ದಿನ ಸಂಸದರ ಕಚೇರಿಗೆ ಫೋನ್ ಮಾಡಿ.

ಉತ್ತರದಲ್ಲಿ ಲೆಕ್ಕ ತಪ್ಪಿದೆ ಅನ್ನಿಸಿದರೆ, ಲೋಕಸಭೆಯಲ್ಲಿ ಸ್ಪೀಕರ್ ಅವರ ನಿರ್ದೇಶನ 115ರ ಅಡಿ ಸದಸ್ಯರು ಆ ತಪ್ಪನ್ನು ಬರೆದು ತೋರಿಸಬಹುದು. ಉತ್ತರ ಸಾಲದು, ವಿಷಯ ದೊಡ್ಡದು ಎಂದರೆ ಅರ್ಧ ಗಂಟೆ ಚರ್ಚೆ ಕೇಳಬಹುದು. ಇವೆರಡಕ್ಕೂ ನೀವು ಕಾಗದಪತ್ರ ಒದಗಿಸಿದರೆ ಮಾತ್ರ ಸಂಸದರು ಕೈಹಾಕುತ್ತಾರೆ. ಉತ್ತರದಲ್ಲಿ ಹೆಸರಿಸಿದ ಆದೇಶ, ವರದಿ, ಟಿಪ್ಪಣಿಯ ಪ್ರತಿ ಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ. ಸದನದಲ್ಲೇ ಅದರ ಹೆಸರು ಬಂದಿರುವಾಗ ಅಂಥ ಕಾಗದವೇ ಇಲ್ಲ ಎನ್ನುವುದು ಅವರಿಗೆ ಕಷ್ಟ.

ಒಂದು ಪ್ರಶ್ನೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ 1957 ನೆನಪಿಸುತ್ತೇನೆ. ಎಲ್‌ಐಸಿ ತನ್ನ ಪಾಲಿಸಿದಾರರ ಸುಮಾರು 1.24 ಕೋಟಿ ರೂಪಾಯಿಯನ್ನು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಹಾಕಿದ್ದು ಲೋಕಸಭೆಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆಯಾಗಿ ಹೊರಬಂತು. ಅದನ್ನು ಬಿಡದೆ ಹಿಡಿದವರು ಫಿರೋಜ್ ಗಾಂಧಿ, ಆಡಳಿತ ಪಕ್ಷದವರೇ, ಪ್ರಧಾನಿಯ ಅಳಿಯ. ಕೊನೆಗೆ ಛಾಗ್ಲಾ ಆಯೋಗ ಕೂತಿತು, 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ನಮ್ಮ ಹಾಳೆಯ ಒಂದು ಪ್ರತಿ ಅಕ್ಕನ ಹತ್ತಿರ ಇದೆ. ಪಿಂಚಣಿ ಪುಸ್ತಕ, ಪ್ರತಿ ವರ್ಷ ಕೊಡುವ ಜೀವನ ಪ್ರಮಾಣ ಪತ್ರದ ರಸೀದಿ, ಎಲ್ಲ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಅದನ್ನೂ ಇಟ್ಟುಕೊಂಡಿದ್ದಾರೆ. ಮೊನ್ನೆ ಅದನ್ನು ತೆಗೆದು (ಬಿ) ಮೇಲೆ ಬೆರಳಿಟ್ಟು, "ಇಲ್ಲಿ ವಿಧವೆಯರು ಎಷ್ಟು ಅಂತಾನೂ ಸೇರಿಸು ತಮ್ಮ. ನಮ್ ಲೈನಲ್ಲಿ ಅಂಥೋರೇ ಜಾಸ್ತಿ ಇದ್ದಿದ್ದು" ಅಂದರು. ಗಂಡನ ಪಿಂಚಣಿ ಪಡೆಯುವ ವಿಧವೆಯರ ಲೆಕ್ಕ ಯೋಜನೆಯಲ್ಲಿ ಬೇರೆಯೇ ಇರುತ್ತದೆ, ಕೇಳಿದರೆ ಸಿಗುವಂಥದ್ದು. ಹಾಗಾಗಿ (ಬಿ) ಈಗ ಹೀಗಿದೆ: "ಅವರಲ್ಲಿ ಸ್ವಂತ ಸೇವೆಯ ಮೇಲೆ ಪಿಂಚಣಿ ಪಡೆಯುವ ಮಹಿಳೆಯರು ಎಷ್ಟು, ವಿಧವಾ ಪಿಂಚಣಿ ಪಡೆಯುವವರು ಎಷ್ಟು." ಪದಗಳನ್ನು ಮತ್ತೆ ಎಣಿಸಿದೆವು, 150ರ ಒಳಗೇ ಇದೆ.